ಕಿವಿ ಮೊದಲು, ಬ್ಯಾಟನ್ ಆಮೇಲೆ: ಬ್ಯಾಂಡ್ ನಡೆಸುವ ಕಸುಬಿನ ಬಗ್ಗೆ ಓದುಗರ ಪ್ರಶ್ನೆಗಳು

ಊದುವ ವಾದ್ಯಗಳ ಬ್ಯಾಂಡ್ ಕಲಿಸುವುದನ್ನೇ, ನಡೆಸುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟವರಿಂದಲೂ ಅವರ ಅಪ್ಪ ಅಮ್ಮಂದಿರಿಂದಲೂ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಈ ಕಸುಬು ಹುಲುಸಾಗಿ ಬೆಳೆದಿರುವುದು ಅಮೆರಿಕದಲ್ಲಿ. ಹಾಗಾಗಿ ಉತ್ತರಗಳಲ್ಲಿ ಹೆಚ್ಚಿನವು ಅಲ್ಲಿಗೆ ಸಂಬಂಧಿಸಿದವು.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ಮಗ ಹನ್ನೊಂದನೇ ತರಗತಿ, ಆರನೇ ತರಗತಿಯಿಂದ ಕ್ಲಾರಿನೆಟ್ ನುಡಿಸುತ್ತಿದ್ದಾನೆ. ಈಗ ಬ್ಯಾಂಡ್ ಡೈರೆಕ್ಟರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಕಂಪ್ಯೂಟರ್ ಸೈನ್ಸ್ ಜೊತೆಗೆ ಇದನ್ನೂ ಓದು ಅಂದರೆ ಒಪ್ಪುತ್ತಿಲ್ಲ. ಹೊಟ್ಟೆಪಾಡು ನಡೆಯುತ್ತದೆಯೇ?
— ಒಬ್ಬ ತಾಯಿ, ಡಲ್ಲಾಸ್ ಬಳಿಯಿಂದ

ಉತ್ತರ: ನಡೆಯುತ್ತದೆ. ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಬ್ಯಾಂಡ್ ಡೈರೆಕ್ಟರ್ ಎಂದರೆ ಗಣಿತದ ಮೇಷ್ಟರ ಹಾಗೆಯೇ ಸಂಬಳದ ಶಿಕ್ಷಕ. ಶಾಲೆಯ ಹೊತ್ತು ಮುಗಿದ ಮೇಲಿನ ಕೆಲಸಕ್ಕೆ ಪ್ರತ್ಯೇಕ ಭತ್ಯೆಯೂ ಇರುತ್ತದೆ. ನಿಮ್ಮ ಶಾಲಾ ಜಿಲ್ಲೆಯ ವೇತನ ಪಟ್ಟಿ ಸಾರ್ವಜನಿಕವಾಗಿ ಸಿಗುತ್ತದೆ. ಒಮ್ಮೆ ತೆಗೆದು ನೋಡಿ, ನಿಮ್ಮ ಗಾಬರಿ ಅರ್ಧ ಇಳಿಯುತ್ತದೆ. ನಿಜವಾಗಿ ಯೋಚಿಸಬೇಕಾದದ್ದು ಹೊತ್ತಿನ ಬಗ್ಗೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯ, ಶನಿವಾರ ಮಾರ್ಚಿಂಗ್ ಸ್ಪರ್ಧೆ. ವಸಂತದಲ್ಲಿ ಯುಐಎಲ್ (ಟೆಕ್ಸಸ್ ಶಾಲೆಗಳ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ) ನಡೆಸುವ ಸಂಗೀತ ಮತ್ತು ಸೈಟ್ ರೀಡಿಂಗ್ (ಹೊಸ ಹಾಳೆ ನೋಡಿ ತಕ್ಷಣ ನುಡಿಸುವ) ಪರೀಕ್ಷೆ.

ಮಗ ಒಪ್ಪದಿರುವುದಕ್ಕೂ ಕಾರಣವಿದೆ. ಸಂಗೀತ ಶಿಕ್ಷಣದ ಪದವಿ ಕಾಗದದ ಮೇಲೆ ನಾಲ್ಕು ವರ್ಷ, ಬಹಳ ಜನಕ್ಕೆ ನಾಲ್ಕೂವರೆ ಹಿಡಿಯುತ್ತದೆ. ಬ್ಯಾಂಡ್ ಅಭ್ಯಾಸಕ್ಕೆ ವಾರಕ್ಕೆ ನಾಲ್ಕೈದು ಗಂಟೆ ಹೋದರೂ ಲೆಕ್ಕಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೇ ಕ್ರೆಡಿಟ್. ಅದೂ ಮಧ್ಯಾಹ್ನವನ್ನೇ ನುಂಗುತ್ತದೆ, ಎಂಜಿನಿಯರಿಂಗ್ ಲ್ಯಾಬ್‌ಗಳು ಬೀಳುವುದೂ ಅದೇ ಹೊತ್ತಿಗೆ. ಇದರ ಮೇಲೆ ಕೊಳಲು, ತುತ್ತೂರಿ, ಟ್ರೋಂಬೋನ್, ತಾಳವಾದ್ಯ, ತಂತಿವಾದ್ಯ, ಗಾಯನ ಎಲ್ಲವನ್ನೂ ಒಂದೊಂದು ಸೆಮಿಸ್ಟರ್‌ನಂತೆ ಕೈಯಾರೆ ಕಲಿಯಬೇಕು. ಕೊನೆಯ ಸೆಮಿಸ್ಟರ್ ಪೂರ್ತಿ ಶಾಲೆಯಲ್ಲಿ ಪಾಠ ಮಾಡುವ ತರಬೇತಿ. ಎರಡು ದೋಣಿಯಲ್ಲಿ ಕಾಲಿಟ್ಟವರು ಸಾಮಾನ್ಯವಾಗಿ ಎರಡನೇ ವರ್ಷ ಒಂದನ್ನು ಬಿಡುತ್ತಾರೆ.

ಈಗಿನಿಂದಲೇ ಮಾಡಬೇಕಾದದ್ದು: ಪಿಯಾನೊ ಪಾಠಕ್ಕೆ ಸೇರಿಸಿ. ಈ ಪದವಿಯಲ್ಲಿ ಹುಡುಗರು ಎಡವುವುದು ಕ್ಲಾರಿನೆಟ್‌ನಲ್ಲಲ್ಲ, ಪಿಯಾನೊ ಪರೀಕ್ಷೆಯಲ್ಲಿ. ಪ್ರವೇಶ ಆಡಿಷನ್ ಜನವರಿಯಿಂದ ಮಾರ್ಚ್‌ವರೆಗೆ ಇರುತ್ತದೆ. ಸ್ವಭಾವ ಬೇರೆ ಬೇರೆ ಇರುವ ಎರಡು ಕೃತಿ, ಎಲ್ಲ ಮೇಜರ್ ಸ್ಕೇಲ್‌ಗಳು, ಸ್ಥಳದಲ್ಲೇ ಕೊಟ್ಟ ಹಾಳೆ ನೋಡಿ ನುಡಿಸುವುದು, ಇಷ್ಟಕ್ಕೆ ತಯಾರಿರಲಿ. ಅದಕ್ಕೂ ಮೊದಲು, ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಕ್ಲಾರಿನೆಟ್ ಪ್ರಾಧ್ಯಾಪಕರ ಬಳಿ ಒಂದು ಪಾಠ ಕೇಳಿ ತೆಗೆದುಕೊಳ್ಳಲಿ. ಬಹುತೇಕರು ಒಪ್ಪುತ್ತಾರೆ. ನಾಲ್ಕು ವರ್ಷ ವಾರವಾರ ಎದುರು ಕೂರಬೇಕಾದ ಗುರು ಯಾರೆಂದು ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಪದವಿಯ ಜೊತೆಗೆ ರಾಜ್ಯದ ಸಂಗೀತ ಶಿಕ್ಷಕ ಪ್ರಮಾಣಪತ್ರ ಬೇಕು. ಟೆಕ್ಸಸ್‌ನಲ್ಲಿ ಅದರ ಪರೀಕ್ಷೆಯ ಸಂಖ್ಯೆ 177.

ಪ್ರಶ್ನೆ: ಬೆಂಗಳೂರಿನ ಶಾಲೆಯೊಂದರಲ್ಲಿ ಬ್ಯಾಂಡ್ ಕಲಿಸುತ್ತೇನೆ. ಟ್ಯೂನರ್ ಹಿಡಿದು ಒಬ್ಬೊಬ್ಬ ಹುಡುಗನನ್ನೂ ಸರಿಮಾಡುತ್ತೇನೆ, ಮುಳ್ಳು ನಟ್ಟನಡುವೆ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಊದಿದ ತಕ್ಷಣ ಅಪಶ್ರುತಿ. ಎಲ್ಲಿ ತಪ್ಪುತ್ತಿದ್ದೇನೆ?
— ಶಿಕ್ಷಕ, ಬೆಂಗಳೂರು

ಉತ್ತರ: ವಿಶ್ವವಿದ್ಯಾಲಯದ ಬ್ಯಾಂಡ್ ಡೈರೆಕ್ಟರ್ ಹುದ್ದೆಗೆ ಬರುವವರನ್ನೂ ಇದೇ ವಿಷಯದಲ್ಲಿ ಅಳೆಯುತ್ತಾರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇವೆ.

ಟ್ಯೂನರ್ ತೋರಿಸುವುದು ಪಿಯಾನೊದ ಸಮಪಾಲು ಶ್ರುತಿಯನ್ನು. ಸ್ವರಗಳು ಒಂದರ ಮೇಲೊಂದು ಕೂತಾಗ ಕಿವಿ ಕೇಳುವುದು ಅದನ್ನಲ್ಲ. ಬಿ-ಫ್ಲ್ಯಾಟ್ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತೆಗೆದುಕೊಳ್ಳಿ: ಬಿ-ಫ್ಲ್ಯಾಟ್, ಡಿ, ಎಫ್, ಅಂದರೆ ಆ ಸ್ಕೇಲ್‌ನ ಒಂದು, ಮೂರು, ಐದನೇ ಸ್ವರಗಳು. ಇದು ಕಂಪನವಿಲ್ಲದೆ ನಿಲ್ಲಬೇಕಾದರೆ ಎಫ್ ನುಡಿಸುವವನು ಟ್ಯೂನರ್‌ಗಿಂತ 2 ಸೆಂಟ್ (ಪಿಯಾನೊದ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿರಬೇಕು, ಡಿ ನುಡಿಸುವವನು 14 ಸೆಂಟ್ ಕೆಳಗಿಳಿಯಬೇಕು. ಮೈನರ್ ಕಾರ್ಡ್ ಆದರೆ ಮೂರನೇ ಸ್ವರ ಸುಮಾರು 16 ಸೆಂಟ್ ಏರಬೇಕು. ಮುಳ್ಳು ನಡುವೆ ನಿಲ್ಲಿಸಿದ ಹುಡುಗ ಕಾರ್ಡ್‌ನೊಳಗೆ ಮೂರನೇ ಸ್ವರ ಹಿಡಿದರೆ ಅಪಶ್ರುತಿಯೇ ಕೇಳುವುದು. ತಂಬೂರಿಯ ಬಳಿ ಕೂತು ಅಭ್ಯಾಸವಿದ್ದರೆ ನಿಮಗಿದು ಗೊತ್ತೇ ಇದೆ: ಮಂದ್ರ ಷಡ್ಜದ ತಂತಿ ಮೀಟಿದಾಗ ತಾನಾಗಿ ತೇಲಿ ಬರುವ ಅಂತರ ಗಾಂಧಾರವಿದೆಯಲ್ಲ, ಅದೇ ಆ 14 ಸೆಂಟ್ ಇಳಿದ ಸ್ವರ.

ಹಾಗಾಗಿ ಟ್ಯೂನರ್ ಪಕ್ಕಕ್ಕಿಟ್ಟು ಹೀಗೆ ಮಾಡಿ. ಮೊದಲ ಹತ್ತು ನಿಮಿಷ ಬರೀ ಉದ್ದ ಸ್ವರ ಊದಿಸಿ. ಪೆಟ್ಟಿಗೆಯಿಂದ ತೆಗೆದ ವಾದ್ಯ ತಣ್ಣಗಿರುತ್ತದೆ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ, ತಣ್ಣಗಿದ್ದಾಗ ಮಾಡಿದ ಶ್ರುತಿ ಕಾಲು ಗಂಟೆಗೆ ಕೆಡುತ್ತದೆ. ಆಮೇಲೆ ಟ್ಯೂಬಾ ಒಂದೇ ಬಿ-ಫ್ಲ್ಯಾಟ್ ಹಿಡಿಯಲಿ. ಉಳಿದವರು ಅದನ್ನು ಮೊದಲು ಬಾಯಲ್ಲಿ ಹಾಡಲಿ, ನಂತರ ಊದಲಿ. ಕೆಲವು ವಾದ್ಯಗಳಿಗೆ ಹಾಳೆಯಲ್ಲಿ ಬರೆದ ಸ್ವರ ಬೇರೆ, ಕೇಳುವ ಸ್ವರ ಬೇರೆ. ಹಾಗಾಗಿ ಈ ಬಿ-ಫ್ಲ್ಯಾಟ್‌ಗೆ ಕ್ಲಾರಿನೆಟ್, ಟ್ರಂಪೆಟ್, ಟೆನರ್ ಸ್ಯಾಕ್ಸ್ ಹಾಳೆಯಲ್ಲಿ ಸಿ ನುಡಿಸಬೇಕು. ಆಲ್ಟೊ, ಬ್ಯಾರಿಟೋನ್ ಸ್ಯಾಕ್ಸ್ ಜಿ. ಫ್ರೆಂಚ್ ಹಾರ್ನ್ ಎಫ್. ಅದು ಕೂತ ಮೇಲೆ ಐದನೇ ಸ್ವರವನ್ನು ಸೇರಿಸಿ. ಮೂರನೆಯದು ಕೊನೆಗೆ, ಎಲ್ಲರಿಗಿಂತ ಮೆತ್ತಗೆ. ಮೂರನೇ ಸ್ವರ ಜೋರಾಗಿದ್ದರೆ ಎಷ್ಟು ಇಳಿಸಿದರೂ ಕಾರ್ಡ್ ಕೂಡುವುದಿಲ್ಲ.

ಅಪಶ್ರುತಿ ಎಷ್ಟಿದೆ ಎಂದು ಮಕ್ಕಳಿಗೆ ಕೇಳಿಸಲು ಅಲೆ ಎಣಿಸಿ. ಇಬ್ಬರು ಒಂದೇ ಸ್ವರ ಊದುವಾಗ ಒಬ್ಬ 440 ಹರ್ಟ್ಸ್, ಇನ್ನೊಬ್ಬ 442ರಲ್ಲಿದ್ದರೆ ಸೆಕೆಂಡಿಗೆ ಎರಡು ಬಾರಿ ‘ವಾ-ವಾ’ ಎನ್ನುತ್ತದೆ. ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಲ್ಲುತ್ತದೆ. ಐದನೇ ತರಗತಿಯ ಮಗುವಿಗೂ ಇದು ಕೇಳಿಸುತ್ತದೆ.

ವಾದ್ಯದ ಹುಟ್ಟುಗುಣಗಳೂ ಇವೆ. ಟ್ರಂಪೆಟ್‌ನಲ್ಲಿ ಒಂದು ಮತ್ತು ಮೂರನೇ ವಾಲ್ವ್ ಒತ್ತುವ ಕೆಳಗಿನ ಡಿ, ಮೂರೂ ಒತ್ತುವ ಸಿ-ಶಾರ್ಪ್ ಎರಡೂ ಏರಿಯೇ ಇರುತ್ತವೆ. ಮೂರನೇ ವಾಲ್ವ್‌ನ ಸ್ಲೈಡನ್ನು ಉಂಗುರದ ಬೆರಳಿಂದ ಹೊರಕ್ಕೆ ತಳ್ಳಬೇಕು, ಸಿ-ಶಾರ್ಪ್‌ಗೆ ಡಿಗಿಂತ ಹೆಚ್ಚು. ನಿಮ್ಮ ಶಾಲೆಯ ಟ್ರಂಪೆಟ್‌ಗಳಲ್ಲಿ ಆ ಸ್ಲೈಡ್ ಎಣ್ಣೆ ಕಾಣದೆ ಅಂಟಿಕೊಂಡಿದೆಯೇ, ಇವತ್ತೇ ನೋಡಿ. ಹಿಡಿದುಕೊಂಡಿದ್ದರೆ ಮಗುವಿನದೇನೂ ತಪ್ಪಿಲ್ಲ. ಕ್ಲಾರಿನೆಟ್ ಶ್ರುತಿ ಏರಿದೆಯೆಂದು ಬ್ಯಾರಲ್ (ಮೌತ್‌ಪೀಸ್‌ನ ಕೆಳಗಿನ ಸಣ್ಣ ತುಂಡು) ಒಂದನ್ನೇ ತುಂಬ ಎಳೆಯಬೇಡಿ. ಬ್ಯಾರಲ್‌ಗೆ ಹತ್ತಿರದ ನಡುಗಂಟಲಿನ ಸ್ವರಗಳು ವಿಪರೀತ ಇಳಿಯುತ್ತವೆ, ಕೆಳಗಿನವು ಹಾಗೇ ಉಳಿಯುತ್ತವೆ. ಬ್ಯಾರಲ್‌ನಲ್ಲಿ ಸ್ವಲ್ಪ, ನಡುವಿನ ಕೀಲಿನಲ್ಲಿ ಸ್ವಲ್ಪ ಹಂಚಿ ಎಳೆಯಿರಿ.

ಪ್ರಶ್ನೆ: ಸಿಂಫೋನಿಕ್ ಬ್ಯಾಂಡ್, ವಿಂಡ್ ಆನ್ಸಾಂಬಲ್ ಎರಡೂ ಒಂದೇ ಅಲ್ಲವೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ವಾದ್ಯಗಳು ಅವೇ, ತಲೆಗಳ ಲೆಕ್ಕ ಬೇರೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಆಸ್ಟಿನ್ ಹಾರ್ಡಿಂಗ್ ಬೆಳೆಸಿದ ಬ್ಯಾಂಡ್, ಮಿಶಿಗನ್‌ನಲ್ಲಿ 1935ರಿಂದ 1971ರವರೆಗೆ ವಿಲಿಯಂ ರೆವೆಲ್ಲಿ ನಡೆಸಿದ ಬ್ಯಾಂಡ್ ದೊಡ್ಡ ಗಾತ್ರದವು: ಒಂದೊಂದು ಭಾಗವನ್ನು ಹಲವರು ನುಡಿಸುತ್ತಿದ್ದರು. 1952ರಲ್ಲಿ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಫ್ರೆಡರಿಕ್ ಫೆನೆಲ್ ಒಂದು ಭಾಗಕ್ಕೆ ಒಬ್ಬನೇ ಎಂಬ ತತ್ವದ ಮೇಲೆ ಈಸ್ಟ್‌ಮನ್ ವಿಂಡ್ ಆನ್ಸಾಂಬಲ್ ಕಟ್ಟಿದರು. ಕಸುಬಿಗೆ ಬರುವವರು ತಿಳಿಯಬೇಕಾದದ್ದು ಇಷ್ಟು: ದೊಡ್ಡ ಬ್ಯಾಂಡ್‌ನಲ್ಲಿ ಒಬ್ಬನ ತಪ್ಪು ಗುಂಪಿನಲ್ಲಿ ಮುಳುಗುತ್ತದೆ, ಹಾಗಾಗಿ ನಡೆಸುವವರಿಗೆ ತಪ್ಪಿದವನನ್ನು ಹುಡುಕುವ ಕಿವಿ ಬೇಕು. ಚಿಕ್ಕದರಲ್ಲಿ ತಪ್ಪು ಎಲ್ಲರಿಗೂ ಕೇಳುತ್ತದೆ, ಅಲ್ಲಿ ಬೇಕಾದದ್ದು ಧೈರ್ಯ ತುಂಬುವ ಕೈ.

ಪ್ರಶ್ನೆ: ನ್ಯೂ ಜೆರ್ಸಿಯ ಮಿಡ್ಲ್ ಸ್ಕೂಲ್‌ನಲ್ಲಿ ನಾಲ್ಕು ವರ್ಷದಿಂದ ಬ್ಯಾಂಡ್ ಕಲಿಸುತ್ತಿದ್ದೇನೆ. ವಿಂಡ್ ಕಂಡಕ್ಟಿಂಗ್‌ನಲ್ಲಿ (ಊದುವ ವಾದ್ಯಗಳ ಬ್ಯಾಂಡ್ ನಡೆಸುವ ವಿದ್ಯೆ) ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬೇಕು. ವಿಡಿಯೊ ಹೇಗಿರಬೇಕು? ಚಿಕ್ಕ ಮಕ್ಕಳ ಬ್ಯಾಂಡ್ ತೋರಿಸಿದರೆ ಕಡಿಮೆಯಾಗಿ ಕಾಣುವುದಿಲ್ಲವೇ?
— ಶಿಕ್ಷಕಿ, ಎಡಿಸನ್

ಉತ್ತರ: ಕಡಿಮೆಯಾಗಿ ಕಾಣುವುದಿಲ್ಲ, ನಿಮ್ಮ ನಾಲ್ಕು ವರ್ಷವೇ ನಿಮ್ಮ ಬಂಡವಾಳ. ಅನೇಕ ವಿಶ್ವವಿದ್ಯಾಲಯಗಳು ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದವರನ್ನೇ ಬಯಸುತ್ತವೆ. ಕಾರಣ ಸರಳ: ಅಲ್ಲಿ ಓದುವವರಲ್ಲಿ ಬಹುಪಾಲು ಮುಂದೆ ಶಾಲಾ ಶಿಕ್ಷಕರಾಗುವವರು. ಶಾಲೆಯ ಕೋಣೆಯೇ ಕಾಣದವರು ಅವರಿಗೆ ಏನು ಕಲಿಸಿಯಾರು?

ಕ್ಯಾಮೆರಾ ತಾಳವಾದ್ಯದವರ ಹಿಂದೆ, ನಿಮ್ಮ ಮುಖ ಮತ್ತು ಎರಡೂ ಕೈ ಕಾಣುವಂತೆ ಇಡಿ. ಪ್ರೇಕ್ಷಕರ ಕಡೆಯಿಂದ ತೆಗೆದರೆ ನಿಮ್ಮ ಬೆನ್ನು ಮಾತ್ರ ಕಾಣುತ್ತದೆ. ಒಂದು ಭಾಗ ಕಛೇರಿಯದು, ಒಂದು ಭಾಗ ಅಭ್ಯಾಸದ್ದು. ಅಭ್ಯಾಸದ ಭಾಗವನ್ನು ಕತ್ತರಿಸದೆ ಕಳಿಸಿ. ಆಯ್ಕೆ ಮಾಡುವವರು ಮಕ್ಕಳು ಹೇಗೆ ನುಡಿಸಿದರು ಎಂದು ನೋಡುವುದಕ್ಕಿಂತ, ನೀವು ನಿಲ್ಲಿಸುವ ಮೊದಲು ಹೇಗಿತ್ತು, ಮಾತಾಡಿದ ಮೇಲೆ ಹೇಗಾಯಿತು ಎಂಬ ವ್ಯತ್ಯಾಸ ನೋಡುತ್ತಾರೆ. ಆರನೇ ತರಗತಿಯ ಮಕ್ಕಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಬಹಳ ಅರ್ಜಿಗಳು ಸೋಲುವುದು ಮೊದಲ ಎರಡು ಸೆಕೆಂಡಿನಲ್ಲಿ, ಅಂದರೆ ಎಡುಪಿಗೆ ಮೊದಲು ಕೊಡುವ ಸನ್ನೆಯಲ್ಲಿ. ಊದುವವರು ಆ ಸನ್ನೆಯಲ್ಲೇ ಉಸಿರೆಳೆದುಕೊಳ್ಳಬೇಕು. ಸನ್ನೆ ನಿಮಿಷಕ್ಕೆ 100ರ ವೇಗದಲ್ಲಿದ್ದು ಮೊದಲ ಬಡಿತ 120ರಲ್ಲಿ ಬಿದ್ದರೆ ಅರ್ಧ ಜನಕ್ಕೆ ಉಸಿರು ಸಾಲದು, ಇನ್ನರ್ಧ ತಡವಾಗಿ ಬರುತ್ತಾರೆ. ಇದನ್ನು ತಿದ್ದಲು: ಮನಸ್ಸಿನಲ್ಲಿ ಎರಡು ಬಾರ್ (ತಾಳದ ಆವರ್ತ) ಹಾಡಿಕೊಳ್ಳಿ, ಸನ್ನೆಯ ಜೊತೆ ನೀವೂ ಮೂಗಿನಿಂದಲ್ಲ, ಬಾಯಿಂದ ಉಸಿರೆಳೆಯಿರಿ, ಕೈಯನ್ನು ನಡುವೆ ಎಲ್ಲೂ ತಡೆಯಬೇಡಿ. ಇನ್ನೊಂದು ದೋಷ, ಎಡಗೈ ಬಲಗೈಯ ಕನ್ನಡಿಯಾಗುವುದು. ಒಂದು ವಾರ ಎಡಗೈಯನ್ನು ಸೊಂಟದ ಬಳಿಯೇ ಬಿಟ್ಟು ಅಭ್ಯಾಸ ಮಾಡಿ. ಆಮೇಲೆ ಬೇಕಾದಾಗ ಮಾತ್ರ ಅದು ಮೇಲೆ ಬರುತ್ತದೆ.

ಆಯ್ಕೆಯಾದರೆ ಖುದ್ದಾಗಿ ಕರೆಯುತ್ತಾರೆ. 20ರಿಂದ 30 ನಿಮಿಷ ಅವರ ಬ್ಯಾಂಡನ್ನು ನಡೆಸಬೇಕು. ಇಂಗ್ಲಿಷ್ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್‌ನ 1909ರ ಇ-ಫ್ಲ್ಯಾಟ್ ಸ್ವೀಟ್‌ನಂಥ (suite, ಹಲವು ಭಾಗಗಳ ರಚನೆ) ಕೃತಿ ಕೊಟ್ಟರೆ ‘ಇದು ಎಲ್ಲರಿಗೂ ಗೊತ್ತಿರುವುದೇ’ ಎಂದು ಸಡಿಲ ಬಿಡಬೇಡಿ. ಮೊದಲ ಭಾಗದಲ್ಲಿ ಟ್ಯೂಬಾ, ಯೂಫೋನಿಯಂ ಎಂಟು ಬಾರ್‌ನ ಒಂದು ರಾಗ ಶುರುಮಾಡುತ್ತವೆ. ಮುಂದೆ ಅದೇ ರಾಗ ಮತ್ತೆ ಮತ್ತೆ ಬರುತ್ತದೆ, ಒಂದು ಕಡೆ ತಲೆಕೆಳಗಾಗಿಯೂ ಬರುತ್ತದೆ. ಪ್ರತಿ ಬಾರಿ ಅದು ಯಾವ ವಾದ್ಯದ ಬಾಯಲ್ಲಿದೆ ಎಂದು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪಿಯಾನೊ ಮುಂದೆ ಕೂತು ಒಂದೊಂದು ಭಾಗವನ್ನೂ ಹಾಡಿ. ಹಾರ್ನ್‌ನ ಹಾಳೆ ನೋಡಿ ನಿಜವಾದ ಸ್ವರ ಹೇಳಿ ಎಂದು ಥಟ್ಟನೆ ಕೇಳುವುದುಂಟು. ಬೇಕೆಂದೇ ತಪ್ಪು ಸ್ವರ ನುಡಿಸಿ ಹಿಡಿಯಿರಿ ಎನ್ನುವುದೂ ಉಂಟು.

ವರ್ಷಕ್ಕೆ ಒಂದೋ ಎರಡೋ ಜಾಗ ಇರುವ ಕಡೆಗಳೇ ಹೆಚ್ಚು. ಹಾಗಾಗಿ ಆರೇಳು ಕಡೆ ಅರ್ಜಿ ಹಾಕಿ. ಅಸಿಸ್ಟೆಂಟ್‌ಶಿಪ್ (ಓದುತ್ತಲೇ ವಿಭಾಗಕ್ಕೆ ಕೆಲಸ ಮಾಡುವ ಅವಕಾಶ) ಸಿಕ್ಕರೆ ಶುಲ್ಕ ಮಾಫಿಯಾಗಿ ಕೈಗೂ ಸ್ವಲ್ಪ ಹಣ ಬರುತ್ತದೆ. ಅದಕ್ಕೆ ಬದಲಾಗಿ ಮಾರ್ಚಿಂಗ್ ಬ್ಯಾಂಡ್ ನೋಡಿಕೊಳ್ಳುವುದು, ಸ್ವರಲಿಪಿ ಹಾಳೆಗಳನ್ನು ಜೋಡಿಸುವುದು, ಟ್ರಕ್‌ಗೆ ವಾದ್ಯ ಏರಿಸುವುದು ಎಲ್ಲ ನಿಮ್ಮ ಪಾಲಿಗೆ. ಅಸಿಸ್ಟೆಂಟ್‌ಶಿಪ್ ಇಲ್ಲದ ಪ್ರವೇಶಕ್ಕಾಗಿ ಸಾಲ ಮಾಡಬೇಡಿ, ಇನ್ನೊಂದು ವರ್ಷ ಕಾಯಿರಿ.

ಪ್ರಶ್ನೆ: ಮಗಳು ಹತ್ತು ವರ್ಷದಿಂದ ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದಾಳೆ, ಈಗ ಪಿಯುಸಿ. ಅಮೆರಿಕದಲ್ಲಿ ಸಂಗೀತ ಶಿಕ್ಷಣ ಓದಿ ಬ್ಯಾಂಡ್ ನಡೆಸಬೇಕೆಂದು ಆಸೆ. ಈ ಕಲಿಕೆ ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಹೆಣ್ಣುಮಕ್ಕಳಿಗೆ ಅವಕಾಶವಿದೆಯೇ?
— ತಂದೆ, ಮಂಗಳೂರು

ಉತ್ತರ: ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಆ ವಾದ್ಯಕ್ಕೆ ಮನಸೋತವರು. ನಿಮ್ಮ ಮಗಳು ಅದೇ ದಾರಿಯಲ್ಲಿ ಹಿಂದಕ್ಕೆ, ಬ್ಯಾಂಡ್‌ಗೆ ಹೋಗುತ್ತಿದ್ದಾಳೆ. ಅವಳ ಲಯ, ಶ್ರುತಿ ಖಂಡಿತ ಲೆಕ್ಕಕ್ಕೆ ಬರುತ್ತವೆ. ಆದರೆ ಮೂರು ಕಡೆ ಹೊಸದಾಗಿ ಕಲಿಯಬೇಕು.

ಮೊದಲನೆಯದು ತುಟಿ. ಗಮಕಕ್ಕೆ, ಜಾರುವಿಗೆ ದವಡೆ ಸಡಿಲವಿರಬೇಕು. ಪಾಶ್ಚಾತ್ಯ ಶಾಸ್ತ್ರೀಯ ಶೈಲಿಗೆ ಸ್ವರ ಕದಲದೆ ನಿಲ್ಲಬೇಕು. ಮನೆಯಲ್ಲೇ ಪರೀಕ್ಷಿಸಿ: ಆಲ್ಟೊ ಸ್ಯಾಕ್ಸ್‌ನ ಮೌತ್‌ಪೀಸ್ ಒಂದನ್ನೇ ಊದಿದಾಗ ಪಿಯಾನೊದ ಎ, ಅಂದರೆ 880 ಹರ್ಟ್ಸ್ ಹತ್ತಿರ ಬರಬೇಕು. ತುಂಬ ಕೆಳಗಿದ್ದರೆ ತುಟಿಯ ಹಿಡಿತ ಸಡಿಲ, ಮೇಲಿದ್ದರೆ ಕಚ್ಚುತ್ತಿದ್ದಾಳೆ. ಎರಡನೆಯದು ಸ್ವರಲಿಪಿ ಓದುವುದು. ಕೇಳಿ ಕಲಿತವರಿಗೆ ಇದು ಎಲ್ಲಕ್ಕಿಂತ ದೊಡ್ಡ ಬೆಟ್ಟ. ದಿನಕ್ಕೆ 20 ನಿಮಿಷ, ಹೊಸ ಹಾಳೆ, ತಪ್ಪಿದರೂ ನಿಲ್ಲದೆ ಮುಂದೆ ಹೋಗುವುದು, ಹೀಗೆ ಎರಡು ವರ್ಷ ಬೇಕು. ಟ್ರಿನಿಟಿ ಕಾಲೇಜ್ ಲಂಡನ್‌ನ ಗ್ರೇಡ್ ಪರೀಕ್ಷೆಗಳಿಗೆ ಕಟ್ಟಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಮೂರನೆಯದು ತಾಳದ ಅಭ್ಯಾಸ. ಮಿಶ್ರ ನಡೆಯ ಏಳು ಅವಳಿಗೆ ನೀರು ಕುಡಿದಷ್ಟು ಸುಲಭ, ಆದರೆ 7/8ನ್ನು ಕಂಡಕ್ಟರ್ ಎರಡು, ಎರಡು, ಮೂರು ಎಂದು ಮೂರೇ ಬಡಿತದಲ್ಲಿ ತೋರಿಸುತ್ತಾರೆ. ಬೆರಳೆಣಿಕೆ ಬಿಟ್ಟು ಆ ಕೈಯನ್ನು ನೋಡಲು ಕಲಿಯಬೇಕು.

ಹೆಣ್ಣುಮಕ್ಕಳಿಗೆ ದಾರಿ ತೆರೆದದ್ದು ತಡವಾಗಿ. 1929ರಲ್ಲಿ ಶುರುವಾದ ಅಮೆರಿಕನ್ ಬ್ಯಾಂಡ್‌ಮಾಸ್ಟರ್ಸ್ ಅಸೋಸಿಯೇಷನ್ ಗ್ಲಾಡಿಸ್ ಸ್ಟೋನ್ ರೈಟ್ ಅವರನ್ನು ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡದ್ದು 1984ರಲ್ಲಿ. ಆಮೇಲೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬ್ಯಾಂಡ್‌ಗಳನ್ನು 1996ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಸಿದವರು ಮ್ಯಾಲರಿ ಥಾಂಪ್ಸನ್. ಈಗ ಹುಡುಗಿ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವ ಕಾಲೇಜುಗಳು ತೀರ ವಿರಳ.

ಭಾರತದಲ್ಲೇ ಉಳಿಯುವುದಾದರೆ, ಬ್ಯಾಂಡ್ ನಡೆಸುವುದನ್ನು ವ್ಯವಸ್ಥಿತವಾಗಿ ಕಲಿಸುತ್ತ ಬಂದಿರುವುದು ಸೇನೆ. ಕೊಡಗಿನ ಕಾರ್ಯಪ್ಪನವರು ದಂಡನಾಯಕರಾಗಿದ್ದಾಗ, 1950ರಲ್ಲಿ, ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಶುರುವಾದ ಮಿಲಿಟರಿ ಸಂಗೀತ ವಿಭಾಗ ಇಂದಿಗೂ ಬ್ಯಾಂಡ್‌ಮಾಸ್ಟರ್‌ಗಳನ್ನು ತಯಾರು ಮಾಡುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸುವ ಹಂತದಲ್ಲಿದ್ದೇನೆ, ಎಫ್-1 ವೀಸಾ. ವಿಶ್ವವಿದ್ಯಾಲಯವೊಂದು ಅಸೋಸಿಯೇಟ್ ಡೈರೆಕ್ಟರ್ ಆಫ್ ಬ್ಯಾಂಡ್ಸ್ ಹುದ್ದೆಯ ಸಂದರ್ಶನಕ್ಕೆ ಕರೆದಿದೆ. ಹೇಗೆ ತಯಾರಾಗಲಿ? ಕಿವಿಯಲ್ಲಿ ಗುಂಯ್ ಎನ್ನುವ ಸದ್ದೂ ಶುರುವಾಗಿದೆ, ಅದೂ ಚಿಂತೆ.
— ಧಾರವಾಡ ಮೂಲದ ವಿದ್ಯಾರ್ಥಿ, ಒಹಾಯೊ

ಉತ್ತರ: ಆ ಹುದ್ದೆಯ ಹೆಸರಿನಲ್ಲಿ ಬರೆದಿರದಿದ್ದರೂ ಅರ್ಧ ಕೆಲಸ ಮಾರ್ಚಿಂಗ್ ಬ್ಯಾಂಡ್. ಮೈದಾನದ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬ್ಯಾಂಡ್ ನಡೆಯುವ ಫುಟ್‌ಬಾಲ್ ಮೈದಾನದ ಅಗಲ 53 ಗಜ ಚಿಲ್ಲರೆ, ಸುಮಾರು 49 ಮೀಟರ್. ಹಿಂದಿನ ಅಂಚಿನ ಡ್ರಮ್ಮಿನ ಸದ್ದು ಮುಂದಿನ ಅಂಚಿಗೆ ಬರಲು 0.14 ಸೆಕೆಂಡ್ ಬೇಕು. ನಿಮಿಷಕ್ಕೆ 160ರ ವೇಗದಲ್ಲಿ ಅದು ಒಂದು ಬಡಿತದ ಮೂರನೇ ಒಂದಕ್ಕಿಂತ ಹೆಚ್ಚು. ಆದ್ದರಿಂದ ಡ್ರಮ್‌ನವರು ಕಂಡಕ್ಟರ್ ಕೈ ನೋಡಿ ಬಾರಿಸಬೇಕು, ಅವರ ಮುಂದಿರುವವರು ಕೈ ನೋಡದೆ ಹಿಂದಿನ ಸದ್ದಿಗೆ ಕಿವಿ ಕೊಡಬೇಕು. ಮುಂದಿನವರೂ ಕೈ ನೋಡಿ ನುಡಿಸಿದರೆ ಪ್ರೇಕ್ಷಕರಿಗೆ ಎರಡು ಬ್ಯಾಂಡ್ ಕೇಳುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಎರಡು ನಿಮಿಷದಲ್ಲಿ ಹೇಗೆ ವಿವರಿಸುತ್ತೀರಿ, ಅಭ್ಯಾಸ ಮಾಡಿಕೊಂಡು ಹೋಗಿ.

ಸಂದರ್ಶನ ಒಂದೆರಡು ದಿನ ನಡೆಯುತ್ತದೆ: ಬ್ಯಾಂಡ್ ಅಭ್ಯಾಸ ನಡೆಸುವುದು, ಕಂಡಕ್ಟಿಂಗ್ ತರಗತಿ ತೆಗೆದುಕೊಳ್ಳುವುದು, ಡೀನ್ ಜೊತೆ ಮಾತು, ವಿದ್ಯಾರ್ಥಿಗಳ ಜೊತೆ ಊಟ. ತೀರ್ಮಾನವಾಗುವುದು ಅಭ್ಯಾಸದಲ್ಲಿ. ಕೃತಿಯನ್ನು ಮೊದಲಿಂದ ಕೊನೆಗೆ ಓಡಿಸುತ್ತ ಹೋಗಬೇಡಿ. ಒಮ್ಮೆ ಪೂರ್ತಿ ಕೇಳಿ, ಮೂರು ಜಾಗ ಆರಿಸಿ, ಆ ಮೂರನ್ನು ಸರಿಮಾಡಿ. ನಿಲ್ಲಿಸಿದಾಗ ಹೇಳುವ ಕ್ರಮ ಹೀಗಿರಲಿ: ಮೊದಲು ವಾದ್ಯ, ಆಮೇಲೆ ಬಾರ್ ಸಂಖ್ಯೆ, ಆಮೇಲೆ ಏನು ಬದಲಾಗಬೇಕು. ‘ಎರಡನೇ ಕ್ಲಾರಿನೆಟ್, 45ನೇ ಬಾರ್, ಉಸಿರು ಒಂದು ಬಡಿತ ಮೊದಲು.’ ಹತ್ತು ಸೆಕೆಂಡ್ ಮೀರಬಾರದು. ‘ಇನ್ನೊಮ್ಮೆ ನುಡಿಸೋಣ’ ಎಂದು ಕಾರಣ ಹೇಳದೆ ಮತ್ತೆ ಮತ್ತೆ ನುಡಿಸಿದರೆ ಕೇಳಿಸಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ವೀಸಾ ವಿಷಯ: ಸಂಗೀತ ಪದವಿಗೆ ಒಪಿಟಿ (ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು ಮಾತ್ರ, ಎಂಜಿನಿಯರುಗಳಿಗೆ ಸಿಗುವ 24 ತಿಂಗಳ ವಿಸ್ತರಣೆ ಇಲ್ಲ. ಆದರೆ ವಿಶ್ವವಿದ್ಯಾಲಯಗಳು ಎಚ್-1ಬಿ ಕೆಲಸದ ವೀಸಾದ ಲಾಟರಿಯ ಮಿತಿಗೆ ಒಳಪಡುವುದಿಲ್ಲ, ವರ್ಷದ ಯಾವ ತಿಂಗಳಲ್ಲೂ ಅರ್ಜಿ ಹಾಕಬಹುದು. ಶಾಲಾ ಜಿಲ್ಲೆಗಳಿಗೆ ಸಾಮಾನ್ಯವಾಗಿ ಆ ವಿನಾಯಿತಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಹೊರಿಸುವ ಆದೇಶ ಬಂತು. ಹಾಗಾಗಿ ಮಾತುಕತೆ ನಡೆಯುತ್ತಿರುವಾಗ ಊರಿಗೆ ಹೊರಡುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ. ವೀಸಾ ಪ್ರಾಯೋಜನೆ ಮಾಡುತ್ತೀರಾ ಎಂದು ಸಂದರ್ಶನಕ್ಕೆ ಹೋಗುವ ಮೊದಲೇ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ.

ಕಿವಿಯದನ್ನು ದಯವಿಟ್ಟು ಮುಂದೂಡಬೇಡಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಒಳಾಂಗಣದಲ್ಲಿ ಡ್ರಮ್‌ಲೈನ್ (ಮಾರ್ಚಿಂಗ್ ಬ್ಯಾಂಡ್‌ನ ಡ್ರಮ್ ತಂಡ) ಎದುರು ನಿಂತರೆ ದಿನದ ಪಾಲು ಕಾಫಿ ಹೊತ್ತಿಗೇ ಮುಗಿದಿರುತ್ತದೆ. ಔಷಧದಂಗಡಿಯ ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಪಿಕೊಲೊ ಕೇಳುವುದಿಲ್ಲ, ಅದಕ್ಕೇ ಜನ ತೆಗೆದುಹಾಕುತ್ತಾರೆ. ಸಂಗೀತಗಾರರಿಗೆಂದೇ ಕಿವಿಯ ಅಚ್ಚು ತೆಗೆದು ಮಾಡುವ ಬಿರಡೆಗಳು ಎಲ್ಲ ಸ್ವರವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತವೆ. 9, 15, 25 ಡೆಸಿಬೆಲ್‌ನವು ಸಿಗುತ್ತವೆ. ವಿಂಡ್ ಬ್ಯಾಂಡ್‌ಗೆ 9, ಡ್ರಮ್‌ಲೈನ್‌ಗೆ 15 ಇಟ್ಟುಕೊಳ್ಳಿ. ಗುಂಯ್ ಸದ್ದು ಶುರುವಾಗಿದೆ ಎಂದರೆ ಈ ವಾರವೇ ಕಿವಿ ತಜ್ಞರನ್ನು ಕಂಡು ಆಡಿಯೋಗ್ರಾಮ್ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ, ಹಾಳೆಯನ್ನು ಜೋಪಾನವಾಗಿಡಿ. ಮುಂದಿನ ವರ್ಷದ ಪರೀಕ್ಷೆಯನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ.